ಮಳೆ ನೀರಷ್ಟೇ ಕುಡಿಯುವ ದೇವರು

ನಮ್ಮವರು ನೀರೊಳಗೆ ಮುಳುಗಿ ಮತ್ತೆ ಮೇಲೆ ಬರುವ ದೋಣಿಯೊಂದನ್ನು ರಬಕವಿಯ ನಮ್ಮ ಹಿತ್ತಲಲ್ಲಿ ಕಟ್ಟಿದರು. ಹೀಗೆಂದರೆ ಈಗಿನವರು ನನ್ನ ಮುಖ ನೋಡಿ ನಗುತ್ತಾರೆ. ನಗಲಿ, ಆಗಿನವರೂ ನಕ್ಕಿದ್ದರು. "ಮುಳುಗೂ ದೋಣಿ ಮಾಡಾಕ ಇಷ್ಟ್ಯಾಕ ಖಟಪಟಿ ಮಾಡ್ತೀರಿ? ಇದ್ದ ದೋಣಿಗೆ ಒಂದು ತೂತು ಹೊಡೀರಿ, ತಾನಽ ಮುಳುಗತೈತಿ," ಎಂದು ಪಕ್ಕದ ಹಿಟ್ಟಿನ ಗಿರಣಿಯ ಯಜಮಾನರು ಹೇಳಿದ ಮಾತು ಓಣಿಯ ಎಲ್ಲ ಮಗ್ಗದ ಮನೆಗಳನ್ನೂ ಸುತ್ತಿ ಸಂಜೆಯೊಳಗೆ ನಮ್ಮ ಮನೆಗೇ ವಾಪಸು ಬಂದಿತ್ತು. ನನಗೂ ನಗು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಅದು ದೊಡ್ಡ ಯುದ್ಧ ನಡೆದಿದ್ದ ಕಾಲ. ಜಮಖಂಡಿಯಲ್ಲಿ ಇನ್ನೂ ರಾಜರ ಆಳ್ವಿಕೆ. ನಮ್ಮವರು ನೇಕಾರರ ಮನೆಯಲ್ಲಿ ಹುಟ್ಟಿಯೂ ಲಾಳಿ ಹಿಡಿದವರಲ್ಲ. ಜಮಖಂಡಿಯ ಅರಮನೆಯ ಮೋಟಾರು ಖಾನೆಯಲ್ಲಿ ಮಿಸ್ತ್ರಿಯಾಗಿದ್ದರು. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು, ಮೈತುಂಬ ಎಣ್ಣೆಯ ವಾಸನೆ ಹೊತ್ತುಕೊಂಡು. ಪೇಪರು ಓದಿ ಹೇಳುವವರ ಬಾಯಲ್ಲಿ ಸಬ್‌ಮರೀನ್ ಎಂಬ ಮಾತು ಕೇಳಿದ್ದೇ ತಡ, ಅದು ಇವರ ತಲೆಗೆ ಹತ್ತಿತು. ಯುದ್ಧಗಿದ್ಧ ಇವರಿಗೆ ಬೇಕಿರಲಿಲ್ಲ. ಕೃಷ್ಣೆಯ ಮಡುವಿನ ತಳದಲ್ಲಿ ಏನಿದೆ ಎಂದು ನೋಡಬೇಕಿತ್ತು, ಅಷ್ಟೇ.

"ಏನಿರತೈತ್ರಿ? ಕಲ್ಲು, ಕೆಸರು, ಮೀನಾ," ಎಂದೆ.

"ಇರಲಿ. ಕಣ್ಣಿಲೆ ನೋಡಬೇಕು," ಎಂದರು.

ಇಂಥ ಮನುಷ್ಯನ ಹತ್ತಿರ ಏನು ವಾದ ಮಾಡುವುದು? ಆದರೆ ಆ ದೋಣಿಯೊಳಗೆ ಕೂರುವವನು ನನ್ನ ತಮ್ಮ ಎಂದು ಗೊತ್ತಾದ ದಿನ ನನ್ನ ನಗು ನಿಂತಿತು.

ನನ್ನ ತವರು ಮುಧೋಳ. ತವರು ಅಂದರೆ ಆಗ ಉಳಿದದ್ದು ತಮ್ಮ ಒಬ್ಬನೇ. ಅಪ್ಪ ಅವ್ವ ಇಬ್ಬರೂ ಪ್ಲೇಗಿನಲ್ಲಿ ಹೋದ ಮೇಲೆ ನಾನು ಗಂಡನ ಮನೆಗೆ ಬಂದ ಚಕ್ಕಡಿಯಲ್ಲೇ ಅವನನ್ನೂ ಕೂರಿಸಿಕೊಂಡು ಬಂದಿದ್ದೆ. ಈಗ ಅವನು ಮೀಸೆ ಬಂದ ಗಂಡಸು, ನಮ್ಮ ಮನೆಯ ಮಗ್ಗದ ಮೇಲೆ ಕೂತು ದಡಿಯ ಸೀರೆ ನೇಯುವವನು. ಅವನ ಕಣ್ಣು ಅಂಥಿಂಥ ಕಣ್ಣಲ್ಲ. ನಮಗೆಲ್ಲ ಒಂದೇ ಅನ್ನಿಸುವ ಎರಡು ಕೆಂಪು ನೂಲನ್ನು ಮಬ್ಬುಗತ್ತಲಲ್ಲಿ ಮುಂದಿಟ್ಟರೂ ಇದು ಬೇರೆ, ಇದು ಬೇರೆ ಎಂದು ವಿಂಗಡಿಸುತ್ತಿದ್ದ. ಬನಹಟ್ಟಿಯ ಬಣ್ಣ ಹಾಕುವವರು ಅವನನ್ನು ಕರೆಸಿ ಕೇಳುತ್ತಿದ್ದರು. ಆ ವರ್ಷ ಅವನಿಗೆ ಬೀಳಗಿಯಲ್ಲಿ ಒಂದು ಹೆಣ್ಣು ನೋಡಿ ಇಟ್ಟಿದ್ದೆವು. ಆಳು ಮಾತ್ರ ಗಿಡ್ಡ, ಸಣಕಲು. ಎರಡು ಕಬ್ಬಿಣದ ಪೀಪಾಯಿಗಳನ್ನು ಜೋಡಿಸಿ ಮಾಡಿದ ಆ ಡಬ್ಬಿಯಲ್ಲಿ ಹಿಡಿಸುವ ಮೈ ಇದ್ದದ್ದು ಅವನೊಬ್ಬನಿಗೇ. ಕೂತು ಮೊಣಕಾಲು ಎದೆಗೆ ಒತ್ತಿಕೊಂಡರೆ ಮುಂದೆ ಒಂದು ಅಂಗೈಯಗಲದ ಗಾಜು, ಕೆಳಗೆ ಎರಡು ಬ್ಯಾಟರಿ, ಹಿಂದೆ ಹಳೆಯ ಮೋಟಾರಿನಿಂದ ಬಿಚ್ಚಿ ತಂದ ತಿರುಗುವ ಯಂತ್ರ, ತಲೆಯ ಮೇಲೆ ಮುಚ್ಚಳ. ದಂಡೆಯಿಂದ ಒಂದು ದಪ್ಪ ಹಗ್ಗ ಕಟ್ಟಿರುತ್ತಿತ್ತು. ಒಳಗಿಂದ ಜಗ್ಗಿದರೆ ಮೇಲಿದ್ದವರು ಎಳೆಯಬೇಕು.

ಬ್ಯಾಟರಿಗಳು ಅರಮನೆಯ ಕಾರಿಗೆ ಬೇಡವಾದವು. ಅವುಗಳ ಬಗ್ಗೆ ನಮ್ಮವರಿಗೆ ಇದ್ದ ಜಾಗರೂಕತೆ ಹೆಂಡತಿಯ ಬಗ್ಗೆ ಇರಲಿಲ್ಲ. ಭಾವಿಯ ನೀರು ಹಾಕುವಂತಿಲ್ಲ, ಹೊಳೆಯ ನೀರು ಹಾಕುವಂತಿಲ್ಲ, ಮಳೆಯ ನೀರೇ ಆಗಬೇಕು. ಅದೂ ಮೊದಲ ಮಳೆ ಸುರಿದು ಹೋದ ಮೇಲೆ, ಅಂಗಳದಲ್ಲಿ ಬಿಳಿಯ ಧೋತರ ಕಟ್ಟಿ, ಅದರಿಂದ ತೊಟ್ಟಿಕ್ಕಿದ್ದನ್ನು ಗಾಜಿನ ಭರಣಿಯಲ್ಲಿ ಹಿಡಿದು ಇಡಬೇಕು. ತಾಮ್ರದ ಕೊಡ ತಾಗಿಸಬಾರದು. ಕೈ ತೊಳೆದೇ ಮುಟ್ಟಬೇಕು, ಮುಟ್ಟಿದ ಮೇಲೆ ಮತ್ತೆ ತೊಳೆಯಬೇಕು. ನನ್ನನ್ನೂ ತಮ್ಮನನ್ನೂ ಅತ್ತೆಯನ್ನೂ ಎದುರಿಗೆ ನಿಲ್ಲಿಸಿಕೊಂಡು ಪಾಠ ಹೇಳಿದ ಹಾಗೆ ಹೇಳಿದ್ದರು.

"ಬೀಡಿ, ಒಲಿ ಕೆಂಡ, ಕಂದೀಲು, ಯಾವುದೂ ಇದರ ಹತ್ರ ಬರಬಾರದು. ಚಾರ್ಜ್ ಮಾಡೂವಾಗ ಇದರೊಳಗಿಂದ ಒಂದು ಗ್ಯಾಸ್ ಹೊಂಡತೈತಿ, ಕಣ್ಣಿಗೆ ಕಾಣಂಗಿಲ್ಲ. ಬಯಲಾಗ ಇದ್ರ ಹಾರಿ ಹೋಗತೈತಿ. ಡಬ್ಬಿಯಾಗ ತುಂಬಿಕೊಂಡ್ರ ಒಂದು ಕಿಡಿ ಸಾಕು. ಮುಚ್ಚಳ ತೆರದಽ ಇರಬೇಕು. ಮತ್ತ ಒಳಗಿನ ಆಸಿಡ್ ಮೈಮ್ಯಾಲೆ ಸಿಡೀತಂದ್ರ ನೀರು. ಕೊಡಗಟ್ಟಲೆ ನೀರು. ಮತ್ತೊಂದು ಔಷಧ ಇಲ್ಲ."

ತಮ್ಮ ಗೋಣು ಹಾಕಿದ. ನಾನೂ ಗೋಣು ಹಾಕಿದೆ. ಅವನು ಒಳಗೆ ಕೂರುವ ಮೊದಲು ಮುಚ್ಚಳದ ಬಾಯಿಗೆ ಮೊರ ಹಿಡಿದು ಗಾಳಿ ಬೀಸುವುದು ನನ್ನ ಕೆಲಸವಾಯಿತು. ಜೋಳ ಕೇರುವ ಮೊರದಿಂದ ಕಾಣದ ಗ್ಯಾಸನ್ನು ಕೇರಿದೆ.

ಅತ್ತೆ ಮಾತ್ರ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. "ಮಳಿ ನೀರಽ ಬೇಕಂತ! ಕೈ ತೊಳಕೊಂಡಽ ಮುಟ್ಟಬೇಕಂತ! ಇಷ್ಟು ಮಡಿ ನಮ್ಮ ಮನಿ ದೇವರಿಗೂ ಇಲ್ಲ ಬಿಡು ಯವ್ವಾ." ಮೊದಮೊದಲು ಇದು ಚೇಷ್ಟೆಯೇ. ಆದರೆ ದಿನವೂ ಕೈ ತೊಳೆದು ತೊಳೆದು, ಭರಣಿಯ ಮಳೆ ನೀರನ್ನು ಮುಚ್ಚಿಟ್ಟು ಕಾಯ್ದು, ಆ ಚೇಷ್ಟೆ ಯಾವಾಗಲೋ ಭಕ್ತಿಯಾಗಿ ತಿರುಗಿತು. ಹಿತ್ತಲಿಗೆ ಹೋಗುವಾಗ ಚಪ್ಪಲಿ ಬಿಡಲು ಶುರು ಮಾಡಿದರು. ಆಮೇಲೆ ಹಾದು ಹೋಗುವಾಗ ಕೈ ಮುಗಿಯತೊಡಗಿದರು. ಬೀಡಿ ಸೇದುತ್ತ ಯಾರಾದರೂ ನೋಡಲು ಬಂದರೆ ಕಸಬರಿಗೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದರು. ನಮ್ಮವರಿಗೆ ಬಲು ಖುಷಿ. "ಅವ್ವ ಕಾವಲಿದ್ರ ನನಗ ಚಿಂತಿ ಇಲ್ಲ," ಎನ್ನುತ್ತಿದ್ದರು.

ಬೇಸಿಗೆಯಲ್ಲಿ ಹೊಳೆ ತಿಳಿಯಾದಾಗ ಡಬ್ಬಿಯನ್ನು ಚಕ್ಕಡಿಯ ಮೇಲೆ ಹೇರಿಕೊಂಡು ಹೋಗಿ ಮಡುವಿನಲ್ಲಿ ಇಳಿಸಿದರು. ನಾನು ದಂಡೆಯ ಮೇಲೆ ಹಗ್ಗವನ್ನೇ ನೋಡುತ್ತ ಕೂತೆ. ನೀರು ಮುಚ್ಚಿಕೊಂಡಿತು. ಒಂದಿಷ್ಟು ಗುಳ್ಳೆ ಬಂದವು, ನಿಂತವು. ಹಗ್ಗ ಅಲ್ಲಾಡಿತು, ಎಳೆದರು, ಮುಚ್ಚಳ ತೆರೆಯಿತು, ಅವನ ತಲೆ ಕಂಡಿತು.

"ಏನು ಕಂಡಿಲೇ?" ಎಂದು ಕೂಗಿದೆ. ಅವನು ಕೆಳಗಿಳಿಯುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ.

"ಹಸರು, ಅಕ್ಕಾ. ಬರೀ ಹಸರು. ಅಂಥಾ ಹಸರು ಯಾರೂ ನೇಯ್ದಿಲ್ಲ."

ಆಮೇಲೆ ವಾರಗಟ್ಟಲೆ ಆ ಹಸಿರನ್ನೇ ನೂಲಿಗೆ ತರಿಸಬೇಕೆಂದು ಬನಹಟ್ಟಿಗೆ ಓಡಾಡಿದ. ನೀಲಿಗೆ ಅರಿಸಿನ ಕೂಡಿಸಿ ನೋಡಿದರು, ಬೇರೇನೋ ಕೂಡಿಸಿ ನೋಡಿದರು. ಅದಲ್ಲ ಎನ್ನುತ್ತಿದ್ದ. ಇನ್ನೊಮ್ಮೆ ಇಳಿದು ಚೆನ್ನಾಗಿ ನೋಡಿಕೊಂಡು ಬರುತ್ತೇನೆ ಎಂದ. ನಾನು ಹಟ ಹಿಡಿದೆ, ಊಟ ಬಿಟ್ಟೆ, ಜಗಳಾಡಿದೆ. "ನಿನಗೇನರ ಆದ್ರ ನನಗ ಯಾರದಾರಲೇ?" ಎಂದು ಅತ್ತೂಬಿಟ್ಟೆ. ಕಡೆಗೆ ದಸರೆಯ ಮಾರನೆಯ ದಿನ ಒಂದು ಸಲ ಇಳಿದು, ಆಮೇಲೆ ಆ ಡಬ್ಬಿಯ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ನನ್ನ ತಲೆ ಮುಟ್ಟಿ ಹೇಳಿದ. ಬೀಳಗಿಯವರು ಅದಾದ ಮೇಲೆ ಮಾತು ಮುಗಿಸಲು ಬರುವವರಿದ್ದರು. ಸರಿ, ಒಂದೇ ಸಲ ತಾನೇ, ಎಂದುಕೊಂಡೆ. ನನ್ನ ಹೆದರಿಕೆಯೆಲ್ಲ ಹೊಳೆಯದು. ಹಗ್ಗ ಸವೆದಿದೆಯೇ ಎಂದು ದಿನಾ ಕೈಯಾಡಿಸಿ ನೋಡುತ್ತಿದ್ದೆ.

ದಸರೆಯ ಅಷ್ಟಮಿಯ ದಿನ ನಮ್ಮವರು ಬ್ಯಾಟರಿ ಚಾರ್ಜಿಗೆ ಹಾಕಿದರು. ಗಿರಣಿಯ ಎಂಜಿನ್ನಿಗೆ ಪಟ್ಟಿ ಕಟ್ಟಿ ಮೋಟಾರಿನ ಡೈನಮೋ ತಿರುಗಿಸಿ, ಗೋಡೆಯ ಮೇಲಿಂದ ನಮ್ಮ ಹಿತ್ತಲಿಗೆ ತಂತಿ ಎಳೆದಿದ್ದರು. ಡಬ್ಬಿಯ ಮುಚ್ಚಳ ತೆಗೆದು ಪಕ್ಕಕ್ಕೆ ಒರಗಿಸಿ, "ನಾ ಬರೂ ತನಕಾ ಹಿಂಗಽ ಇರಲಿ," ಎಂದರು. ಅಷ್ಟರಲ್ಲಿ ಅರಮನೆಯಿಂದ ಕರೆ ಬಂತು. ಹಬ್ಬದ ಮೆರವಣಿಗೆಗೆ ಕಾರುಗಳನ್ನು ಸಜ್ಜು ಮಾಡಬೇಕು. ಅವರು ಜಮಖಂಡಿಗೆ ಹೋದರು. ನನ್ನ ತಮ್ಮ ಚೆಂಡುಹೂವು, ಕಬ್ಬು, ಬಾಳೆಗಂಬ ತರಲೆಂದು ಹೊರಟವನು ಬನಹಟ್ಟಿಯ ಬಣ್ಣದವರಲ್ಲೇ ರಾತ್ರಿ ಉಳಿದ. ನಾನು ಅಡುಗೆಮನೆಯಲ್ಲಿ ಬೇಳೆ, ಬೆಲ್ಲ, ಒಲೆಯ ಹೊಗೆಯ ನಡುವೆ ಇದ್ದೆ. ಹಿತ್ತಲಿನ ಕಡೆ ನನಗೆ ಕೆಲಸವೇ ಇರಲಿಲ್ಲ.

ಮರುದಿನ ಖಂಡೇ ಪೂಜೆ. ದುಡಿಯುವ ಸಾಮಾನು ಅಂದು ದುಡಿಯುವುದಿಲ್ಲ. ಮಗ್ಗ, ಲಾಳಿ, ರಾಟಿ, ಕುಡುಗೋಲು, ಈಳಿಗೆ, ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ ಹೂ ಏರಿಸಿ ಆರತಿ ಬೆಳಗುತ್ತೇವೆ. ಮನೆಯ ಎಲ್ಲ ಕಬ್ಬಿಣಕ್ಕೂ ಪೂಜೆಯಾಗುವಾಗ ಮಳೆ ನೀರು ಬಿಟ್ಟು ಬೇರೇನೂ ಕುಡಿಯದ ಆ ದೇವರಿಗೆ ಆಗದಿದ್ದರೆ ಹೇಗೆ? ಅತ್ತೆ ಅಷ್ಟಮಿಯ ಮಧ್ಯಾಹ್ನವೇ ಹಿತ್ತಲು ಸಾರಿಸಿದರು. ಡಬ್ಬಿಯನ್ನು ಒರೆಸಿದರು. ಮೇಲೆ ಕಳಸ ಇಡಬೇಕಲ್ಲ, ತೂತಿನ ಮೇಲೆ ಕಳಸ ಕೂರುತ್ತದೆಯೇ? ಮುಚ್ಚಳ ಎತ್ತಿ ಹಾಕಿ ಭದ್ರ ಮಾಡಿದರು. ಅದರ ಮೇಲೆ ಮಗ್ಗದಿಂದ ಹೊಸದಾಗಿ ಇಳಿದ ಸೀರೆ ಹೊದಿಸಿದರು. ಗಿರಣಿಯ ಎಂಜಿನ್ ಸಂಜೆ ಅದರ ಪಾಡಿಗೆ ನಿಲ್ಲುವ ತನಕ ತಂತಿಯಲ್ಲಿ ಕರೆಂಟು ಹರಿಯುತ್ತಲೇ ಇತ್ತು. ಇದೆಲ್ಲ ನಾನು ಆಮೇಲೆ ಕೇಳಿ ಕೇಳಿ ಜೋಡಿಸಿಕೊಂಡದ್ದು. ಅತ್ತೆ ಒಂದನ್ನೂ ಮುಚ್ಚಿಡದೆ ಹೇಳಿದರು.

ನವಮಿಯ ಬೆಳಿಗ್ಗೆ ತಮ್ಮ ಹೂ ಹೊತ್ತುಕೊಂಡು ಬಂದ. ಸೀರೆ ಉಟ್ಟು ಕಳಸ ಹೊತ್ತ ಡಬ್ಬಿಯನ್ನು ನೋಡಿ ನಕ್ಕನಂತೆ. ಪೂಜೆಗೆಂದು ಈಗಷ್ಟೇ ಮುಚ್ಚಿದ್ದಾರೆ ಎಂದುಕೊಂಡನಂತೆ. ಓಣಿಯವರು ಸೇರಿದ್ದರು. ಊದಿನಕಡ್ಡಿ, ಲೋಬಾನದ ಹೊಗೆ ಹಿತ್ತಲು ತುಂಬಿತ್ತು. ಅತ್ತೆ ಹೊರಗಿನಿಂದ ಆರತಿ ಬೆಳಗಿ, ಕಳಸ ಇಳಿಸಿ, ತಟ್ಟೆಯನ್ನು ಅವನ ಕೈಗೆ ಕೊಟ್ಟರು. "ಕೂಡಾವ ನೀನಪ್ಪಾ. ಒಳಗಿನ ದೇವರಿಗೂ ಬೆಳಗು."

ನಮ್ಮವರು ಬೀಡಿ ಎಂದಿದ್ದರು, ಕೆಂಡ ಎಂದಿದ್ದರು, ಕಂದೀಲು ಎಂದಿದ್ದರು. ಆರತಿಯ ತಟ್ಟೆಯನ್ನು ಆ ಸಾಲಿಗೆ ಸೇರಿಸುವುದು ಯಾರಿಗೂ ಹೊಳೆಯಲಿಲ್ಲ. ಅಲ್ಲಿ ನಿಂತವರೊಬ್ಬರಿಗೂ ಹೊಳೆಯಲಿಲ್ಲ. ಚಪ್ಪಲಿ ಬಿಟ್ಟು, ಕೈ ತೊಳೆದು, ಅವನು ಮುಚ್ಚಳ ತೆಗೆದು ತಟ್ಟೆ ಹಿಡಿದು ಒಳಗೆ ಬಗ್ಗಿದ.

ನಾನು ಹೋಳಿಗೆ ಬೇಯಿಸುತ್ತಿದ್ದೆ. ಸದ್ದು ಬಂತು. ಜಂತಿಯ ಮಣ್ಣು ತವೆಯ ಮೇಲೆ ಉದುರಿತು. ನನಗೆ ಚೆನ್ನಾಗಿ ನೆನಪಿದೆ, ತವೆಯ ಮೇಲಿದ್ದ ಹೋಳಿಗೆಯನ್ನು ತೆಗೆದು ತಟ್ಟೆಯಲ್ಲಿಟ್ಟು ಆಮೇಲೆ ಎದ್ದೆ. ಯಾಕೆ ಹಾಗೆ ಮಾಡಿದೆನೋ ದೇವರೇ ಬಲ್ಲ. ಹಿತ್ತಲಿಗೆ ಬಂದರೆ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗೋಡೆಗೆ ಹಾಯುತ್ತ ಓಡಾಡುತ್ತಿದ್ದ. "ಅಕ್ಕಾ, ನೀರು! ನೀರು ಹಾಕು! ಮಾಮಾ ಹೇಳ್ಯಾನ, ನೀರು!"

ಹಬ್ಬಕ್ಕೆಂದು ತುಂಬಿಸಿದ ನೀರಿನ ತೊಟ್ಟಿ ಅಲ್ಲೇ ಇತ್ತು. ಕೊಡ ಮುಳುಗಿಸಿ ಅವನ ಮುಖಕ್ಕೆ ಎರಚಿದೆ. ಅದು ಬಲಗಡೆ ಬಿತ್ತು. ಎರಡನೆಯ ಕೊಡ ಎತ್ತುವಷ್ಟರಲ್ಲಿ ಅತ್ತೆ ನನ್ನ ರಟ್ಟೆ ಹಿಡಿದರು.

"ಸುಟ್ಟಿದ್ದಕ್ಕ ಯಾರರ ನೀರು ಹಾಕ್ತಾರೇನ ಹುಚ್ಚಿ? ಬೊಕ್ಕಿ ಏಳತಾವು! ಬೆಣ್ಣಿ ತರ್ರೆವ್ವಾ, ಬೆಣ್ಣಿ!"

ಸುಟ್ಟ ಗಾಯಕ್ಕೆ ನೀರು ಸೋಕಿಸಬಾರದು, ಇದು ನಮ್ಮಲ್ಲಿ ಎಲ್ಲರೂ ಬಲ್ಲ ಮಾತು. ಓಣಿಯ ಹೆಂಗಸರು ನನ್ನನ್ನು ಹಿಡಿದು ಹಿಂದಕ್ಕೆಳೆದರು. ಕೊಡ ಕಸಿದುಕೊಂಡರು. ನಾನು ಒದ್ದೆ, ಕಚ್ಚಿದೆ. ಬಿಡಲಿಲ್ಲ. ಗಂಡಸರು ಅವನನ್ನು ನೆಲಕ್ಕೆ ಕೆಡವಿ ಕೈಕಾಲು ಒತ್ತಿ ಹಿಡಿದರು, ಅತ್ತೆ ಅಳುತ್ತ ಅವನ ಕಣ್ಣಿಗೆ ಬೆಣ್ಣೆ ಮೆತ್ತಿದರು. ಅವನು ನೀರು ನೀರು ಎನ್ನುತ್ತಲೇ ಇದ್ದ. ಪಾಪ, ಯಾರೋ ಒಬ್ಬರು ಚರಿಗೆಯಿಂದ ಅವನ ಬಾಯಿಗೆ ನೀರು ಬಿಟ್ಟರು. ಎಲ್ಲರೂ ಒಳ್ಳೆಯವರೇ. ಅವನ ಮೇಲೆ ಜೀವ ಇಟ್ಟುಕೊಂಡವರೇ.

ಗಿರಣಿಯ ಯಜಮಾನರು ಸೈಕಲ್ ಹತ್ತಿ ಜಮಖಂಡಿಗೆ ಹೋಗಿ ನಮ್ಮವರನ್ನು ಕರೆತಂದರು. ಅರಮನೆಯಲ್ಲೂ ಕಾರುಗಳಿಗೆ ಪೂಜೆಯಾಗಿತ್ತು. ಇವರ ಹಣೆಯ ಮೇಲೆ ಕುಂಕುಮ ಹಾಗೇ ಇತ್ತು. ಒಳಗೆ ಬಂದು ತಮ್ಮನ ಮುಖ ನೋಡಿದರು. ಬೆಣ್ಣೆಯನ್ನು ಒಂದು ಬೆರಳಿನಿಂದ ಸವರಿ ನೋಡಿದರು.

"ನೀರು ಹಾಕಿದ್ರೇನು?"

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲ ಕಡೆ ಸರಿದರು.

"ಒಂದು ಕೊಡ," ಎಂದೆ ನಾನು.

ಅವರು ಅಲ್ಲೇ ನೆಲದ ಮೇಲೆ ಕೂತರು. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ, ಎಷ್ಟೋ ಹಗುರಾಗುತ್ತಿತ್ತು.

ಮಿರಜಕ್ಕೆ ಒಯ್ದೆವು. ಎಡಗಣ್ಣು ಹೋಗಿಯೇ ಬಿಟ್ಟಿದೆ ಎಂದರು ಡಾಕ್ಟರು. ಬಲಗಣ್ಣಿಗೆ ಬೆಳಕು ಕತ್ತಲೆ ತಿಳಿಯಬಹುದು, ಅದೂ ಉರಿಯುವ ದೀಪ ಹತ್ತಿರ ಹಿಡಿದರೆ. ಆ ಕಡೆ ಒಂದಿಷ್ಟು ನೀರು ಬಿದ್ದಿರಬೇಕು ಎಂದರು. ನಾನು ಹೌದ್ರಿ ಎಂದೆ. ಎಷ್ಟು ಬಿತ್ತೆಂದು ಕೇಳಿದರು. ಅದನ್ನೂ ಹೇಳಿದೆ. ಬೇರೆಯವರ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದೆ.

ಊರಿಗೆ ಬಂದ ಮೇಲೆ ನಮ್ಮವರು ಬ್ಯಾಟರಿಯ ಆಸಿಡ್ಡನ್ನು ಊರ ಹೊರಗೆ ಗುಂಡಿ ತೋಡಿ ಸುರಿದರು. ಡಬ್ಬಿಯನ್ನು ಉದ್ದಕ್ಕೆ ಸೀಳಿದರು. ಅದರ ಒಂದು ಹೋಳು ಎಮ್ಮೆಗೆ ನೀರು ಕುಡಿಸುವ ತೊಟ್ಟಿಯಾಯಿತು. ಹೊಳೆಯ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ಬೀಳಗಿಯವರು ಬರಲಿಲ್ಲ, ಹೆಣ್ಣಿಗೆ ಇನ್ನೂ ವಯಸ್ಸಾಗಿಲ್ಲ ಎಂದು ಹೇಳಿ ಕಳಿಸಿದರು. ತಮ್ಮ ಗೋಡೆಗೆ ಒರಗಿ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದನ್ನು ಕಲಿತ. ಬಣ್ಣ ಯಾವುದು ಎಂದು ನನ್ನನ್ನು ಕೇಳುತ್ತಿದ್ದ. ಕೆಂಪು ಎನ್ನುತ್ತಿದ್ದೆ. "ಯಾವ ಕೆಂಪು?" ಎನ್ನುತ್ತಿದ್ದ. ನನಗೆ ಎಲ್ಲ ಕೆಂಪೂ ಒಂದೇ. ಸುಮ್ಮನೆ ಏನೋ ಒಂದು ಹೇಳುತ್ತಿದ್ದೆ. ಅವನು ನೂಲಿನ ಎಳೆ ಹುಡುಕಿ ಮತ್ತೆ ಸುತ್ತುತ್ತಿದ್ದ.

ಆ ವರ್ಷವೆಲ್ಲ ನನಗೆ ಏನೂ ಅನ್ನಿಸಲಿಲ್ಲ. ಕಲ್ಲಾಗಿದ್ದೆ. ರೊಟ್ಟಿ ಬಡಿದೆ, ನೀರು ತಂದೆ, ಬಂದವರಿಗೆ ಬರ್ರಿ ಕೂಡ್ರಿ ಅಂದೆ. ಅತ್ತೆಯ ಮೇಲೆ ಸಿಟ್ಟು ಇರಬೇಕಿತ್ತು. ನನ್ನ ಬಾಯಿ ಎಂಥದು ಎಂದು ಊರಿಗೇ ಗೊತ್ತು, ಬೇಕಾದಷ್ಟು ಆಡಬಹುದಿತ್ತು. ಅವರನ್ನು ನೋಡಿದಾಗಲೆಲ್ಲ ಈಗ ಬರುತ್ತದೆ ಸಿಟ್ಟು, ಈಗ ಬರುತ್ತದೆ ಎಂದು ಕಾಯುತ್ತಿದ್ದೆ. ಬರಲಿಲ್ಲ. ಅಳುವೂ ಬರಲಿಲ್ಲ. ಅತ್ತೆ ಅಂದಿನಿಂದ ಕಡ್ಡಿಪೆಟ್ಟಿಗೆ ಮುಟ್ಟಲಿಲ್ಲ. ಒಲೆ ಹಚ್ಚುವುದೂ ನಾನೇ, ದೇವರ ಮುಂದೆ ದೀಪ ಹಚ್ಚುವುದೂ ನಾನೇ. ನಾನು ಹೊರಗೆ ಹೋಗಿ ಬರಲು ತಡವಾದರೆ ಅವರು ಕತ್ತಲಲ್ಲೇ ಕೂತಿರುತ್ತಿದ್ದರು. ತಮ್ಮ ಒಂದು ಮೂಲೆಯಲ್ಲಿ, ಅವರು ಒಂದು ಮೂಲೆಯಲ್ಲಿ.

ಮತ್ತೆ ಖಂಡೇ ಪೂಜೆ ಬಂತು. ಬಿಟ್ಟರೆ ನೇಕಾರರ ಮನೆಯಲ್ಲಿ ನಡೆಯುತ್ತದೆಯೇ? ನಾನೇ ಮಗ್ಗ ಒರೆಸಿದೆ, ಹೂ ಏರಿಸಿದೆ. ತಮ್ಮ ಮಗ್ಗದ ಮುಂದೆ ಕೂತಿದ್ದ. ಹಿತ್ತಾಳೆಯ ತಟ್ಟೆಯಲ್ಲಿ ಬತ್ತಿ ಹಚ್ಚಿಕೊಂಡು ಮಗ್ಗಕ್ಕೆ ಬೆಳಗಿ, ಮನೆಯವರ ಮುಂದೆ ಹಿಡಿಯುತ್ತ ಬಂದೆ. ನಮ್ಮವರು ಉರಿಯ ಮೇಲೆ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ತಮ್ಮನ ಹತ್ತಿರ ಬಂದಾಗ ನನ್ನ ಕಾಲು ನಿಂತವು. ಅವನ ಮುಂದೆ ಈ ತಟ್ಟೆ ಹೇಗೆ ಹಿಡಿಯಲಿ? ಹಾಗೇ ದಾಟಿಬಿಡೋಣ ಎಂದುಕೊಂಡೆ. ಅವನ ಮುಖ ಅಷ್ಟರಲ್ಲೇ ನನ್ನ ಕಡೆ ಹೊರಳಿತ್ತು.

"ಯವ್ವ ಎಲ್ಲಿ?" ಎಂದ. ನಮ್ಮತ್ತೆಯನ್ನು ಅವನು ಹಾಗೇ ಕರೆಯುವುದು.

"ಒಳಗದಾರ."

"ಕರಿ."

ಅತ್ತೆ ಬಾಗಿಲಿನ ತನಕ ಬಂದು ನಿಂತರು. ಅದರಿಂದ ಈಚೆಗೆ ಬರಲಿಲ್ಲ.

"ಯವ್ವಾ, ವರ್ಷಾ ನೀನಽ ಬೆಳಗಾಕಿ. ಈ ಸಲ ಅಕ್ಕನ ಕೈಯಾಗ ಯಾಕ ಕೊಟ್ಟಿ?"

"ಬ್ಯಾಡೋ ನನ್ನಪ್ಪಾ. ಈ ಕೈಲೆ ಬ್ಯಾಡ."

"ಬಾ ಬೇ," ಎಂದ ಅವನು. "ಅಕ್ಕ ತಡಾ ಮಾಡಿದ ದಿನಾ ನೀ ದೀಪಾ ಹಚ್ಚದಽ ಕೂತ್ರ ಸಂಜಿ ಆಗಿದ್ದಽ ನನಗ ತಿಳ್ಯಾಂಗಿಲ್ಲ. ಬಾ, ಹತ್ರ ಹಿಡಿ. ನನಗ ಕಾಣೂದು ಇದೊಂದಽ."

ನಾನು ತಟ್ಟೆ ಕೊಟ್ಟೆ. ಅತ್ತೆಯ ಕೈಯಲ್ಲಿ ಉರಿ ಆ ಕಡೆ ಈ ಕಡೆ ಹೊಯ್ದಾಡುತ್ತಿತ್ತು, ಅವನ ಮುಖವೂ ಅದರ ಜೊತೆಗೇ ಹೊರಳುತ್ತಿತ್ತು. ಇನ್ನೂ ಹತ್ರ, ಇನ್ನೂ ಹತ್ರ ಎಂದ. ಆಮೇಲೆ ಎರಡೂ ಕೈಗಳನ್ನು ಉರಿಯ ಮೇಲೆ ಹಿಡಿದು, ಎಲ್ಲರೂ ಮಾಡುವ ಹಾಗೆಯೇ, ಎರಡೂ ಕಣ್ಣಿಗೆ ಒತ್ತಿಕೊಂಡ.

ಹೊಳೆಯ ದಂಡೆಯ ಮೇಲೆ ಕೇಳಿದ ಹಾಗೇ ನನ್ನ ಬಾಯಿಂದ ಬಂದುಬಿಟ್ಟಿತು. "ಏನು ಕಂಡಿಲೇ?"

"ಬೆಳಕು, ಅಕ್ಕಾ," ಎಂದ. "ಬರೀ ಬೆಳಕು."

ಆಗ ನನಗೆ ಅಳು ಬಂತು. ವರ್ಷವೆಲ್ಲ ಬಾರದ್ದು ಒಮ್ಮೆಲೇ ಬಂತು. ಮಗ್ಗದ ಕಂಬ ಹಿಡಿದುಕೊಂಡು ನಿಂತೆ. ಬತ್ತಿಯ ಎಣ್ಣೆ ತೀರುವ ತನಕ ಅತ್ತೆ ಆ ತಟ್ಟೆಯನ್ನು ಅವನ ಮುಂದಿನಿಂದ ತೆಗೆಯಲಿಲ್ಲ.